ಹಲಗೇರಿ ಮಾಸ್ತರರ ಹಾಡಿನಲ್ಲಿ ನಾನು ತಿದ್ದಿದ ಪದ

ಇದನ್ನು ಬರೆಯುವುದನ್ನು ನಾನು ಆರು ವರ್ಷ ಮುಂದೂಡಿದ್ದೇನೆ. ಮಾಸ್ತರರ ಹೆಸರಿನಲ್ಲಿ ನಮ್ಮ ಬಳಗ ಪ್ರತಿ ವರ್ಷ ಒಂದು ಚಿಕ್ಕ ಸಂಚಿಕೆ ತರುತ್ತದೆ. ಪ್ರತಿ ವರ್ಷವೂ "ವಾಸಣ್ಣ, ನೀವು ಅವರ ಹತ್ತಿರ ಇದ್ದವರು, ನಾಲ್ಕು ಪುಟ ಬರೆದುಕೊಡಿ" ಎಂದು ಕೇಳುತ್ತಾರೆ. ಒಂದು ವರ್ಷ ಕಣ್ಣಿನ ಪೊರೆಯ ಆಪರೇಷನ್ ಎಂದೆ. ಮತ್ತೊಂದು ವರ್ಷ ಊರಿಗೆ ಹೋಗುವುದಿದೆ ಎಂದೆ, ಹೋಗಲಿಲ್ಲ. ಇನ್ನೊಂದು ವರ್ಷ ಬರೆದೂ ಕೊಟ್ಟೆ. ಅದರಲ್ಲಿ ಮಾಸ್ತರರಿಗೆ ಮೆಣಸಿನಕಾಯಿ ಬಜ್ಜಿ ಎಷ್ಟು ಇಷ್ಟವಿತ್ತು ಎಂಬುದೆಲ್ಲ ಇತ್ತು, ನಾನು ಮಾಡಿದ್ದು ಇರಲಿಲ್ಲ.

ಕಳೆದ ತಿಂಗಳು ಡೊಂಬಿವಲಿಯಿಂದ ಬರುವಾಗ ಸ್ಲೋ ಲೋಕಲ್ ಗಾಡಿ ಕಳವಾ ದಾಟಿ ಖಾಡಿಯ ಸೇತುವೆಯ ಮೇಲೆ ನಿಂತುಬಿಟ್ಟಿತು. ಸಮುದ್ರ ಊರೊಳಗೆ ನುಗ್ಗಿ ಬಂದ ಆ ಕೆಸರು ನೀರಿಗೆ ಠಾಣೆಯಲ್ಲಿ ಯಾವ ಭಾಷೆಯವರಾದರೂ ಖಾಡಿ ಎಂದೇ ಅನ್ನುತ್ತಾರೆ. ನೀರು ಇಳಿದಿತ್ತು. ಮಳೆಯಲ್ಲಿ ನೆನೆದ ಕೆಸರಿನಿಂದ ಉಪ್ಪು, ಎಣ್ಣೆ, ಕೊಳೆತ ಹೂವು ಎಲ್ಲ ಸೇರಿದ ಒಂದು ವಾಸನೆ ಎದ್ದು ಬಂತು. ಬಾಗಿಲಲ್ಲಿದ್ದವರು ಮೂಗಿಗೆ ಕರವಸ್ತ್ರ ಹಿಡಿದರು. ನಾನು ಹಿಡಿಯಲಿಲ್ಲ. ಗಾಡಿ ಹೊರಡುವವರೆಗೂ ಅದನ್ನು ಒಳಗೆ ತೆಗೆದುಕೊಳ್ಳುತ್ತಾ ಕೂತೆ. ಮನೆಗೆ ಬಂದ ಮೇಲೆ ಕಾಗದ ಹುಡುಕಿದೆ.

ಮಾಸ್ತರರು ಯಾರೆಂದು ಈಗಿನ ಮಕ್ಕಳಿಗೆ ಹೇಳಬೇಕು. ಅವರು ಗದಗದ ಕಡೆಯವರು. ಕಳವಾದ ಒಂದು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದರು. ಸಂಜೆ ಹಾರ್ಮೋನಿಯಂ ಮುಂದಿಟ್ಟುಕೊಂಡು ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಹಾಡುತ್ತಿದ್ದರು. ಅವರ ಹಾಡುಗಳಲ್ಲಿ ನಳದ ಸಾಲು ಇತ್ತು, ಪಾಳಿಗೆ ಕೂಗುವ ಕಾರ್ಖಾನೆಯ ಭೋಂಗಾ ಇತ್ತು, ತಪ್ಪಿಹೋದ ಗಾಡಿ ಇತ್ತು, ರಜೆ ಸಿಗದೆ ತಂಗಿಯ ಮದುವೆಗೆ ಹೋಗಲಾಗದ ಅಣ್ಣ ಇದ್ದ. ಕ್ಯಾಸೆಟ್ಟಿನ ಕಾಲದಲ್ಲಿ ಐದಾರು ಕ್ಯಾಸೆಟ್ ಬಂದವು. ಡೊಂಬಿವಲಿ, ಕಲ್ಯಾಣ, ನೆರೂಳಗಳಿಂದ ಮೂವತ್ತು ಜನ ಸೇರಿ ನಾವು ಒಂದು ಬಳಗ ಕಟ್ಟಿಕೊಂಡಿದ್ದೆವು. ಹೆಚ್ಚಿನವರು ನನ್ನಂತೆ ಉಡುಪಿ, ಕಾರ್ಕಳದ ಕಡೆಯವರು.

ನಮ್ಮೆಲ್ಲರ ಬಾಯಲ್ಲಿದ್ದ ಹಾಡು ಒಂದು. ದಿನವಿಡೀ ಮೇಸ್ತ್ರಿಯಿಂದ ಬೈಸಿಕೊಂಡವನೊಬ್ಬ ಗಾಡಿ ಹಿಡಿದು ಮನೆಗೆ ಬರುತ್ತಾನೆ. ಬಾಗಿಲ ಹೊರಗೆ ನಿಂತು ಹೆಂಡತಿಗೆ ಹೇಳುತ್ತಾನೆ:

ಸಿಟ್ಟ ಖಾಡ್ಯಾಗ ಒಗದು ಬಂದೀನಿ
ಬಾಗಿಲಾ ತಗಿ ಗೆಳತಿ

ಕೊನೆಯ ನುಡಿಯಲ್ಲಿ ಭರತಿ, ಅಂದರೆ ಸಮುದ್ರದ ಉಬ್ಬರ ಬರುತ್ತದೆ:

ಒಗದ ಸಿಟ್ಟೆಲ್ಲಾ ಭರತೀಗಿ ತಿರುಗಿ
ನನಗಿಂತ ಮೊದಲ ಮನಿ ಸೇರೈತಿ ಗೆಳತಿ

ಈಗ್ಗೆ ಆರೇಳು ವರ್ಷದ ಹಿಂದೆ ಚಳಿಗಾಲದಲ್ಲಿ ಮಾಸ್ತರರಿಗೆ ಸಣ್ಣಗೆ ಲಕ್ವ ಹೊಡೆಯಿತು. ಕೈ ಸುಧಾರಿಸಿತು, ನೆನಪು ಸುಧಾರಿಸಲಿಲ್ಲ. ನಲವತ್ತು ವರ್ಷ ಬಾಯಿಪಾಠವಿದ್ದ ಹಾಡುಗಳು ನಡುನಡುವೆ ಅಳಿಸಿಹೋದವು. ಅದೇ ಹೊತ್ತಿಗೆ ಬೆಂಗಳೂರಿನ ಒಂದು ಟಿವಿ ಚಾನೆಲ್‌ನವರು, ಜುಲೈಯ ಮೂರು ಭಾನುವಾರ ಬೆಳಿಗ್ಗೆ ವಾಶಿಯ ಸಭಾಗೃಹದಿಂದ ಅವರ ಹಾಡುಗಾರಿಕೆಯನ್ನು ನೇರ ಪ್ರಸಾರ ಮಾಡುತ್ತೇವೆ ಎಂದರು. ನಮಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು. ಮಾಸ್ತರರು ಎಂದೂ ಹಾಡು ಬರೆದಿಟ್ಟವರಲ್ಲ. ನೋಡಿಕೊಂಡು ಹಾಡಲು ಒಂದು ಪುಸ್ತಕ ಬೇಕಿತ್ತು, ದೊಡ್ಡ ಅಕ್ಷರದ್ದು.

ಹಾಡುಗಳನ್ನು ಬರೆದುಕೊಟ್ಟವರು ನಮ್ಮ ಬಳಗದ ಒಬ್ಬ ಹೆಂಗಸು. ಐವತ್ತು ದಾಟಿದವರು, ಸಾನಪಾಡಾದಲ್ಲಿ ಸೀರೆಗಳಿಗೆ ಫಾಲ್ ಹಚ್ಚುವ ಪುಟ್ಟ ಅಂಗಡಿ ಇಟ್ಟುಕೊಂಡಿದ್ದರು. ಅವರ ತಂದೆ ರೋಣದ ಕಡೆಯಿಂದ ರಸ್ತೆ ಕೆಲಸಕ್ಕೆ ಬಂದವರು. ಕಳವಾದ ಆ ಶಾಲೆಯಲ್ಲಿ ಏಳನೆಯವರೆಗೆ ಮಾಸ್ತರರ ಕೈಯಲ್ಲೇ ಓದಿದ್ದರು. ನಾವು ಅಭಿಮಾನಿಗಳು, ಅವರು ವಿದ್ಯಾರ್ಥಿನಿ. ಎರಡು ತಿಂಗಳು ಅಂಗಡಿಯಲ್ಲಿ ಸೂಜಿ ಹಿಡಿದುಕೊಂಡೇ ಹಳೆಯ ಕ್ಯಾಸೆಟ್ ಕೇಳಿ, ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ನಲವತ್ತೊಂದು ಹಾಡುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದರು. ಅದನ್ನು ಸಾನಪಾಡಾ ಸ್ಟೇಷನ್ನಿನಲ್ಲಿ ನನ್ನ ಕೈಗೆ ಕೊಟ್ಟರು.

"ಅಣ್ಣಾರ, ಮಾಸ್ತರ ಬಾಯಾಗ ಹೆಂಗ ಬಂದೈತೋ ಹಂಗ ಬರದೀನ್ರಿ. ಒಂದ ಅಕ್ಷರಾ ಹಿಂದಮುಂದ ಮಾಡಬ್ಯಾಡ್ರಿ."

"ಎಂತ, ನನಗೆ ಕನ್ನಡ ಕಲಿಸ್ತೀರಾ?" ಎಂದು ನಾನು ನಕ್ಕೆ.

"ಅಯ್ಯ, ಇಲ್ರೀ. ನಿಮಗ್ಯಾರ ಕಲಸ್ಬೇಕ್ರಿ?" ಎಂದು ಅವರೂ ನಕ್ಕರು.

ನನ್ನ ವಿಷಯವನ್ನೂ ಹೇಳಬೇಕು. ನಾನು ಹೈಸ್ಕೂಲಿನವರೆಗೆ ಓದಿದವನು. ಬೇಲಾಪುರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದೆ. ಮನೆಯಲ್ಲಿ ನಮ್ಮದು ತುಳು. ಕನ್ನಡ ನನಗೆ ಶಾಲೆಯಲ್ಲಿ, ಪುಸ್ತಕದಿಂದ ಸಿಕ್ಕ ಭಾಷೆ. ಹತ್ತನೆಯಲ್ಲಿ ಕನ್ನಡದಲ್ಲಿ ಶಾಲೆಗೇ ಮೊದಲಿಗ. ಆ ಒಂದು ಹೆಮ್ಮೆಯನ್ನು ನಾನು ಐವತ್ತು ವರ್ಷ ಇಸ್ತ್ರಿ ಹಾಕಿ ಇಟ್ಟುಕೊಂಡಿದ್ದೆ. ಬಳಗದ ಆಮಂತ್ರಣ ಪತ್ರ, ಬ್ಯಾನರು, ಶ್ರದ್ಧಾಂಜಲಿ, ಯಾವುದೇ ಇರಲಿ, ನಾನು ತಿದ್ದದೆ ಅಚ್ಚಿಗೆ ಹೋಗುತ್ತಿರಲಿಲ್ಲ. ಪುಸ್ತಕದಲ್ಲಿ ಇಲ್ಲದ ಪದ ನನ್ನ ಕಣ್ಣಿಗೆ ತಪ್ಪು ಪದ. ಉತ್ತರ ಕರ್ನಾಟಕದವರು ನನ್ನ ಕಚೇರಿಯಲ್ಲಿ ನಾಲ್ಕು ಜನ ಇದ್ದರು. ಇಪ್ಪತ್ತು ವರ್ಷ ಅವರೊಡನೆ ಹಿಂದಿಯಲ್ಲೇ ಮಾತಾಡಿದೆ, ಅವರ ಕನ್ನಡ ನನಗೆ ಅರ್ಥವಾಗುವುದಿಲ್ಲವೆಂದು ತಮಾಷೆ ಮಾಡುತ್ತಾ.

ಅಚ್ಚಿಗೆ ಕೊಡುವ ಮೊದಲು ನೋಟ್‌ಬುಕ್ ತಿದ್ದುವಾಗ ಆ ಹಾಡು ಬಂತು. "ಸಿಟ್ಟ ಖಾಡ್ಯಾಗ ಒಗದು." ಒಗೆಯುವುದು ಬಟ್ಟೆಯನ್ನು. ಸಿಟ್ಟೇನು ಲಂಗವೇ, ಪಂಚೆಯೇ, ಒಗೆಯಲು? ಬಾಯಲ್ಲಿ ಹಾಡುವಾಗ ನಡೆದುಹೋಗುತ್ತದೆ, ಅಚ್ಚಿನಲ್ಲಿ ಕಂಡರೆ ಮಾಸ್ತರರಿಗೇ ಅವಮಾನ ಎಂದುಕೊಂಡೆ. ಕೆಂಪು ಪೆನ್ನಿನಿಂದ ಹೊಡೆದು ಹಾಕಿ, "ಸಿಟ್ಟನು ಖಾಡಿಯಲಿ ತೊಳೆದು ಬಂದಿಹೆನು" ಎಂದು ಬರೆದೆ. ಕೊನೆಯ ನುಡಿಯಲ್ಲೂ "ತೊಳೆದ ಸಿಟ್ಟೆಲ್ಲ" ಎಂದು ಮಾಡಿದೆ. ತೊಳೆದುಹೋದದ್ದು ಉಬ್ಬರದಲ್ಲಿ ತಿರುಗಿ ಹೇಗೆ ಬರುತ್ತದೆ ಎಂದು ಒಂದು ಕ್ಷಣವೂ ಕೇಳಿಕೊಳ್ಳಲಿಲ್ಲ. ಯಾರನ್ನೂ ಕೇಳಲಿಲ್ಲ. ಇಷ್ಟರವರೆಗೆ ನಾನು ಮಾಡಿದ್ದು ಮೂರ್ಖತನ. ಇಷ್ಟೇ ಆಗಿದ್ದರೆ ಎಂದೋ ನಗುತ್ತಾ ಹೇಳಿಬಿಡುತ್ತಿದ್ದೆ.

ಪುಸ್ತಕ ಅಚ್ಚಾಗಿ ಬಂದದ್ದು ಮೊದಲ ಕಾರ್ಯಕ್ರಮದ ಹಿಂದಿನ ದಿನ, ನೇರವಾಗಿ ಮಾಸ್ತರರ ಕೈಗೆ. ಮೊದಲ ಭಾನುವಾರ ಅವರು ಹಾಡಿದ್ದನ್ನು ನಾವೆಲ್ಲ ವಾಶಿಗೆ ಹೋಗಿ ಕೇಳಿದೆವು. ದನಿ ಸಣ್ಣಗಾಗಿತ್ತು, ಆದರೆ ಒಂದೂ ಸ್ವರ ಅಲುಗಲಿಲ್ಲ. ಎರಡನೆಯ ಭಾನುವಾರ ಹೊರಗೆ ಮಳೆ ಹುಯ್ಯುತ್ತಿದ್ದರೆ ಒಳಗೆ ಅವರು ನಳದ ಹಾಡು ಹಾಡಿ, ನೀರಿಗಾಗಿ ಜಗಳವಾಡುವ ಹೆಂಗಸರ ದನಿಯನ್ನು ತಾವೇ ತೆಗೆದು ಸಭೆಯನ್ನೆಲ್ಲ ನಗಿಸಿದರು.

ಮೂರನೆಯ ಭಾನುವಾರ ಹಾರ್ಬರ್ ಲೈನಿನ ಹಳಿಯ ಮೇಲೆ ನೀರು ನಿಂತಿತು. ವಾಶಿಗೆ ಹೋಗುವಂತಿರಲಿಲ್ಲ. ನಾನು, ನೋಟ್‌ಬುಕ್ ಬರೆದ ಆಕೆ, ಇನ್ನೂ ಹತ್ತು ಹನ್ನೆರಡು ಜನ ಹಿಂದಿನ ದಿನ ಬಳಗದ ಸಭೆಗೆಂದು ಡೊಂಬಿವಲಿಯ ಜಯಕರನ ಮನೆಗೆ ಬಂದವರು ಮಳೆಗೆ ಸಿಕ್ಕಿ ಅಲ್ಲೇ ಉಳಿದಿದ್ದೆವು. ಜಯಕರನದು ಕ್ಯಾಂಟೀನು, ಮನೆ ದೊಡ್ಡದು, ಮನಸ್ಸೂ ದೊಡ್ಡದು. ಎಲ್ಲರಿಗೂ ಬನ್ಸು, ಚಹಾ ಕೊಟ್ಟು ಟಿವಿಯ ಮುಂದೆ ಚಾಪೆ ಹಾಸಿದ. ಆಕೆ ಮುಂದಿನ ಸಾಲಿನಲ್ಲಿ ಕೂತಿದ್ದರು.

ಮಾಸ್ತರರು ಆ ಹಾಡು ಎತ್ತಿಕೊಂಡರು. ಪಲ್ಲವಿಯಲ್ಲಿ "ತೊಳೆದು ಬಂದಿಹೆನು" ಎಂದಾಗ ಆಕೆ ಸಟ್ಟನೆ ತಿರುಗಿ ಹಿಂದೆ ಕೂತಿದ್ದ ನಮ್ಮೆಲ್ಲರ ಮುಖ ನೋಡಿದರು. ಮಾಸ್ತರರ ಹುಬ್ಬು ಗಂಟಿಕ್ಕಿತ್ತು. ಕಲ್ಲು ಸಿಕ್ಕ ಅನ್ನ ಅಗಿಯುವವರಂತೆ ಆ ಪದವನ್ನು ಬಾಯಲ್ಲಿ ಆ ಕಡೆ ಈ ಕಡೆ ಮಾಡುತ್ತಾ ಮುಂದೆ ಹೋದರು. ಕೊನೆಯ ನುಡಿಗೆ ಬಂದವರು ನಿಂತುಬಿಟ್ಟರು. ಹಾರ್ಮೋನಿಯಂ ನಿಂತಿತು. ತಬಲಾದವನು ಇನ್ನೆರಡು ಪೆಟ್ಟು ಹಾಕಿ ಅವನೂ ನಿಂತ. ಪುಸ್ತಕ ಎತ್ತಿ ಕಣ್ಣಿನ ಹತ್ತಿರ ಹಿಡಿದರು.

"ತೊಳದದ್ದು ಹೆಂಗ ತಿರುಗಿ ಬರ್ತೈತಿ?" ಎಂದು ತಮ್ಮನ್ನೇ ಕೇಳಿಕೊಂಡರು. ಮೈಕಿನಲ್ಲಿ ಎಲ್ಲ ಕೇಳಿಸುತ್ತಿತ್ತು. "ಇದು ನನ್ನ ಹಾಡಲ್ಲ. ಯಾರೋ ಕೈ ಹಾಕ್ಯಾರಿದರಾಗ."

ನಿರೂಪಕಿ ಓಡಿ ಬಂದು, "ಪರವಾಗಿಲ್ಲ ಸರ್, ವಯಸ್ಸಾದ ಮೇಲೆ ಮರೆವು ಸಹಜ ಅಲ್ವಾ?" ಎಂದು ಚಪ್ಪಾಳೆ ತಟ್ಟಿಸಿದಳು. ಮಾಸ್ತರರು ಅಸಲು ಪದಕ್ಕಾಗಿ ತಡಕಾಡುತ್ತಿದ್ದರು, ಅದು ಅವರ ತುಟಿಯವರೆಗೂ ಬಂದು ಹೋಗುತ್ತಿದ್ದುದು ಟಿವಿಯಲ್ಲಿ ನಮಗೆ ಕಾಣುತ್ತಿತ್ತು. ಆಮೇಲೆ ಜಾಹೀರಾತು ಬಂತು. ಅವರು ಟಿವಿಯಲ್ಲಿ ಕಾಣಿಸಿದ್ದು ಅದೇ ಕೊನೆ.

ಹಾಡು ಯಾಕೆ ನಿಲ್ಲಿಸಿದರೆಂದು ಜಯಕರನ ಮಗಳು ಹಿಂದಿಯಲ್ಲಿ ಕೇಳಿದಳು: "ಪಪ್ಪಾ, ಗಾನಾ ಕ್ಯೂಂ ಬಂದ್ ಕಿಯಾ ಉನ್ಹೋಂನೆ?"

ಉತ್ತರ ಕೊಟ್ಟದ್ದು ಆಕೆ. "ಮಾಸ್ತರು 'ಒಗದು' ಅಂತ ಬರದಿದ್ರವಾ. ಒಗಿಯೂದಂದ್ರ ನಮ್ಮ ಕಡೆ ಬಿಸಾಡೂದು. ಸಿಟ್ಟು ಖಾಡ್ಯಾಗ ಬಿಸಾಡಿ ಬಂದಾನ ಅಂವಾ. ಬಿಸಾಡಿದ್ದು ತಿರುಗಿ ಬರ್ತೈತಿ. ತೊಳದದ್ದು ಎಲ್ಲಿಂದ ಬರ್ತೈತಿ?"

ಆಗ ನನಗೆ ಅರ್ಥವಾಯಿತು. ಮೂವತ್ತು ವರ್ಷ ಹಾಡಿದ ಹಾಡು ಅಂದು ಮೊದಲ ಸಲ ಅರ್ಥವಾಯಿತು.

ಜಯಕರ ನನ್ನ ಕಡೆ ತಿರುಗಿದ. "ಹೌದಾ ಮಾರಾಯ್ರೆ? ಮತ್ತೆ ಇದು ತೊಳೆದು ಅಂತ ಆದದ್ದು ಹೇಗೆ? ಪ್ರೂಫು ನೋಡಿದ್ದು ನೀವಲ್ವಾ ವಾಸಣ್ಣ?"

"ನಾನು ನೋಟ್‌ಬುಕ್ಕಲ್ಲಿ ಇದ್ದದ್ದನ್ನೇ ಅಚ್ಚು ಹಾಕಿಸಿದ್ದು" ಎಂದೆ. "ಅದರಲ್ಲಿ ತೊಳೆದು ಅಂತಲೇ ಉಂಟು."

ಇಷ್ಟು ಸಲೀಸಾಗಿ ಬಂತು ಆ ಮಾತು. ಆಕೆ ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ. ತಾವೇ ಎಲ್ಲೋ ತಪ್ಪಿದೆವೇನೋ ಎಂಬ ಅನುಮಾನ ಒಂದು ಗಳಿಗೆ ಅವರ ಮುಖದಲ್ಲಿ ಹಾದುಹೋಯಿತು. ಅದನ್ನು ನಾನು ಇಂದಿಗೂ ಮರೆತಿಲ್ಲ.

"ಇಲ್ರಿ ಅಣ್ಣಾರ. ನಾ ಒಗದು ಅಂತನ ಬರದಿದ್ದೆ. ನೋಟಬುಕ್ ತರ್ರಿ, ನೋಡೂಣು."

"ಅದು ಪ್ರೆಸ್ಸಿನವರ ಹತ್ತಿರವೇ ಹೋಯ್ತು. ಅವರು ರದ್ದಿಗೆ ಹಾಕಿದ್ದಾರೆ."

ಯಾರೋ "ಪಾಪ, ಏಳನೇ ಓದಿದವರು, ಕೇಳಿ ಬರೆಯುವಾಗ ತಪ್ಪಾಗ್ತದೆ" ಎಂದರು. ಇನ್ಯಾರೋ "ತಪ್ಪಾದ್ರೆ ಒಪ್ಪಿಕೊಳ್ಳಬೇಕಪ್ಪ, ಮಾಸ್ತರರ ಮರ್ಯಾದೆ ಹೋಯ್ತಲ್ಲ ಟಿವಿಯಲ್ಲಿ" ಎಂದರು. ಆಕೆ ಎದ್ದರು. ಕೊಡೆ ತೆಗೆದುಕೊಂಡು ಹೊರಟರು. ಜಯಕರನ ಹೆಂಡತಿ "ಊಟ ಮಾಡಿ ಹೋಗಿ, ಗಾಡಿ ಎಲ್ಲಿ ಉಂಟು ಈಗ?" ಎಂದು ಮೆಟ್ಟಿಲವರೆಗೆ ಹೋದಳು. ನಾನು ಚಾಪೆಯಿಂದ ಏಳಲಿಲ್ಲ.

ನೋಟ್‌ಬುಕ್ ರದ್ದಿಗೆ ಹೋಗಿರಲಿಲ್ಲ. ನೆರೂಳದ ನನ್ನ ಮನೆಯ ಕಪಾಟಿನಲ್ಲಿತ್ತು, ನನ್ನ ಕೆಂಪು ಗೆರೆಗಳ ಸಮೇತ. ಜಯಕರ ಫೋನು ಮಾಡಿ, "ಒಮ್ಮೆ ಪ್ರೆಸ್ಸಿಗೆ ಹೋಗಿ ಕೇಳುವ ವಾಸಣ್ಣ, ಹೆಂಗಸು ಅಳ್ತಾ ಹೋದ್ರು" ಎಂದ ಮರುದಿನ, ದೇವರ ಮನೆಯ ಬಾಡಿದ ಹೂವಿನೊಡನೆ ಅದನ್ನು ಒಂದು ಚೀಲಕ್ಕೆ ಹಾಕಿದೆ. ಇಲ್ಲಿ ನಿರ್ಮಾಲ್ಯವನ್ನು ಗಾಡಿಯ ಬಾಗಿಲಿನಿಂದ ಖಾಡಿಗೆ ಹಾಕುವ ರೂಢಿ ಹಲವರಿಗಿದೆ, ಯಾರೂ ಕೇಳುವುದಿಲ್ಲ. ಠಾಣೆಗೆ ಹೋಗಿ ಕಳವಾ ಕಡೆಯ ಗಾಡಿ ಹತ್ತಿದೆ. ಸೇತುವೆ ಬಂದಾಗ ಬಾಗಿಲಲ್ಲಿ ನಿಂತೆ. ಕೈ ಮುಂದೆ ಹೋಗಲಿಲ್ಲ. ಪಕ್ಕದಲ್ಲಿದ್ದವನು ಮರಾಠಿಯಲ್ಲಿ, "ಕಾಕಾ, ಜರಾ ಲಾಂಬ್ ಟಾಕಾ" ಎಂದ. ಸ್ವಲ್ಪ ದೂರಕ್ಕೆ ಎಸೆಯಿರಿ, ಹಳಿಯ ಮೇಲೆ ಬಿದ್ದೀತು ಎಂದು. ದೂರಕ್ಕೇ ಎಸೆದೆ. ಮರಾಠಿಯಲ್ಲಿ ಅದು ಟಾಕುವುದು, ನಮ್ಮ ತುಳುವಿನಲ್ಲಿ ದಕ್ಕುವುದು, ನನ್ನ ಪುಸ್ತಕದಲ್ಲಿ ಎಸೆಯುವುದು. ಆಕೆಯ ಕನ್ನಡದಲ್ಲಿ ನಾನು ಅದನ್ನು ಒಗೆದೆ.

ಅದೇ ವಾರ ಆಕೆ ಫೋನು ಮಾಡಿದರು. ಮಾಸ್ತರರು ಹಾಸಿಗೆ ಹಿಡಿದಿದ್ದರು. ನೋಡಲು ಬರುವವರು ಹೆಚ್ಚಾದ್ದರಿಂದ, ಯಾವ ದಿನ ಯಾರು ಹೋಗಬೇಕೆಂದು ಗೊತ್ತುಮಾಡುವ ಕೆಲಸವನ್ನು ಅವರ ಸೊಸೆ ನನಗೆ ವಹಿಸಿದ್ದರು.

"ಅಣ್ಣಾರ, ಒಂದ ಐದ ಮಿನಿಟ್ರಿ. ನಾ ನಿಮ್ಮ ಮಾತು ಬದಲ ಮಾಡಿಲ್ರಿ ಮಾಸ್ತರ ಅಂತ ಹೇಳಿ ಬಂದಬಿಡ್ತೀನಿ. ಅವರು ನಂಬಲಿ ಬಿಡಲಿ. ನನಗ ಹೇಳೂದೈತಿ, ಅಷ್ಟ."

"ಡಾಕ್ಟರು ಯಾರನ್ನೂ ಬಿಡಬೇಡಿ ಅಂದಿದ್ದಾರೆ" ಎಂದೆ. ಡಾಕ್ಟರು ಹಾಗೆ ಅಂದಿರಲಿಲ್ಲ. ಹಾಗೆ ಅಂದ ದಿನವೇ ಸಂಜೆ ನಾನು ಮಾಸ್ತರರ ಮನೆಯಲ್ಲಿದ್ದೆ.

ಕಿಟಕಿಯ ಪಕ್ಕ ಮಲಗಿದ್ದರು. ಸೊಸೆ ಗಂಜಿ ತರಲು ಒಳಗೆ ಹೋದಾಗ ಕೇಳಿದರು: "ಹಾಡು ಬರದಾಕಿ ಬರ್ಲಿಲ್ಲೇನು?"

"ಊರಿಗೆ ಹೋಗಿದ್ದಾರೆ ಮಾಸ್ತರೇ."

"ಹ್ಞೂಂ" ಎಂದು ಕಿಟಕಿಯ ಕಡೆ ತಿರುಗಿದರು. "ಅಕಿ ತಪ್ಪು ಬರಿಯಾಕಿ ಅಲ್ಲ. ನನ್ನ ಹುಡುಗಿ ಅಕಿ. ಒಗಿಯೂದಂದ್ರೇನು ಅಂತ ಅಕಿಗೆ ಗೊತ್ತೈತಿ." ಆಗ ಅವರಿಗೆ ಪದ ನೆನಪಿಗೆ ಬಂದಿತ್ತು ನೋಡಿ. ನನ್ನ ಮುಖ ನೋಡಿದರು, ಪಾಠ ಒಪ್ಪಿಸದ ಹುಡುಗನನ್ನು ನೋಡಿದ ಹಾಗೆ. ಬೈಯಲಿಲ್ಲ, ಕೇಳಲಿಲ್ಲ. "ಬಂದ ಮ್ಯಾಲ ಕಳಸು. ನಾ ಸಿಟ್ಟಾಗಿಲ್ಲ ಅಂತ ಹೇಳು."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಹೇಳಿದರೆ ಆಕೆ ಬರುತ್ತಾರೆ, ಬಂದರೆ ಇಬ್ಬರ ಮಾತೂ ಸೇರಿ ನನ್ನ ಹೆಸರಿಗೆ ಬಂದು ನಿಲ್ಲುತ್ತದೆ. ಹೆದರಿಕೆ ಇಷ್ಟೇ. ಕೆಲಸ ಹೋಗುತ್ತಿರಲಿಲ್ಲ, ಜೈಲಾಗುತ್ತಿರಲಿಲ್ಲ. ಮೂವತ್ತು ಜನರ ಮುಂದೆ ಕನ್ನಡ ಬಾರದವನಾಗುತ್ತಿದ್ದೆ, ಅಷ್ಟೇ. ಅದಕ್ಕಾಗಿ ಒಂದು ಜೀವ ಕಾಯುತ್ತಾ ಮಲಗಿರುವಾಗ ಬಾಗಿಲು ಹಿಡಿದು ನಿಂತೆ. ಅದಾದ ಎಂಟನೆಯ ದಿನ ಮಾಸ್ತರರು ಹೋದರು. ಸ್ಮಶಾನದಲ್ಲಿ ಹೆಂಗಸರು ಗೇಟಿನ ಹೊರಗೆ ನಿಂತಿದ್ದರು. ಆಕೆ ಅವರಲ್ಲಿದ್ದರು, ಎಲ್ಲರಿಗಿಂತ ಹಿಂದೆ, ಬಳಗದವರಿಂದ ದೂರ.

ಆ ಮಳೆಗಾಲ ಮುಗಿಯುವ ಮುನ್ನ ಒಮ್ಮೆ ಸಾನಪಾಡಾಕ್ಕೆ ಹೋದೆ. ಹೇಳಿಯೇ ಬಿಡಬೇಕೆಂದು ಹೊರಟವನು, ಕೈ ಖಾಲಿ ಇರಬಾರದೆಂದು ಹೆಂಡತಿಯ ಹೊಸ ಸೀರೆಯನ್ನು ಫಾಲ್ ಹಚ್ಚಿಸುವ ನೆಪಕ್ಕೆ ಒಯ್ದೆ. ಆಕೆ ಸೀರೆ ಬಿಡಿಸಿ ಅಂಚು ನೋಡಿದರು. "ಗುರುವಾರ ಒಯ್ರಿ" ಎಂದರು. ಆಮೇಲೆ ತಲೆ ಎತ್ತದೆ ಕೇಳಿದರು:

"ಅಣ್ಣಾರ, ಮಾಸ್ತರ ಹೋಗೂಮುಂದ ನನ್ನ ಮ್ಯಾಲ ಸಿಟ್ಟಿನ್ಯಾಗ ಇದ್ರೇನ್ರಿ?"

ಬಾಯಿ ತೆರೆದೆ. ಹೊರಗೆ ಯಾರೋ ಗಿರಾಕಿ ಬ್ಲೌಸು ಕೊಡಲು ಬಂದಳು. "ನನಗೆ ಗೊತ್ತಿಲ್ಲಮ್ಮ" ಎಂದು ಹೊರಟುಬಂದೆ. ಗುರುವಾರ ಹೆಂಡತಿಯನ್ನು ಕಳಿಸಿದೆ.

ಆಕೆ ಬಳಗ ಬಿಟ್ಟರು. ವರ್ಷಗಳಾದವು. ಕಳೆದ ತಿಂಗಳು ಡೊಂಬಿವಲಿಯಲ್ಲಿ ಪುಣ್ಯತಿಥಿ ನಡೆಯಿತು. ದೊಡ್ಡ ಪರದೆಯ ಮೇಲೆ ಮಾಸ್ತರರ ಆ ಮೂರು ಭಾನುವಾರಗಳನ್ನು ತೋರಿಸಿದರು. ಹಾಡು ನಿಂತ ಜಾಗ ಬಂದಾಗ ಈಗ ಯಾರೂ ಗಾಬರಿಯಾಗುವುದಿಲ್ಲ, ಪ್ರೀತಿಯಿಂದ ನಗುತ್ತಾರೆ. ಮೈಸೂರಿನಿಂದ ಬಂದು ಐರೋಲಿಯಲ್ಲಿ ಕೆಲಸ ಮಾಡುವ ಸುಷ್ಮಾ ಎಂಬ ಹುಡುಗಿ ಕಾರ್ಯಕ್ರಮ ನಡೆಸಿಕೊಡುತ್ತಿದ್ದಳು. ಮೈಕಿನಲ್ಲಿ ವಿವರಿಸಿದಳು: "ಅದೊಂದು ಫನ್ನಿ ಸ್ಟೋರಿ. ಯಾರೋ ಒಬ್ಬ ಹೆಂಗಸು ಸಾಹಿತ್ಯ ತಪ್ಪು ಬರ್ಕೊಟ್ಟಿದ್ರಂತೆ. ಡೀಟೇಲ್ಸ್ ಬೇಕಂದ್ರೆ ನಮ್ಮ ವಾಸು ಅಂಕಲ್‌ನ ಕೇಳಿ."

ಸಭೆ ನಕ್ಕಿತು. ಜಯಕರ ನನ್ನ ಭುಜ ತಟ್ಟಿದ. "ಎಂತ ಹೆಸರು ಮಾರಾಯ್ರೆ ಆ ಹೆಂಗಸಿಂದು? ನಾಲಗೆ ತುದಿಯಲ್ಲಿ ಉಂಟು, ಬರ್ತಾ ಇಲ್ಲ." ನನಗೂ ನೆನಪಾಗುತ್ತಿಲ್ಲ ಎಂದೆ.

ತಪ್ಪನ್ನು ಅವರ ಮೇಲೆ ಹೊರಿಸಿದವನು ನಾನು. ಈಗ ತಪ್ಪು ಉಳಿದಿದೆ, ಹೆಸರು ಹೋಗಿದೆ. ಬಳಗದವರು ಇದನ್ನು ಒಂದು ಅಕ್ಷರವೂ ತಿದ್ದದೆ ಅಚ್ಚು ಹಾಕಬೇಕು. ಹಾಡನ್ನು ಕೆಡಿಸಿದವನು ನಾನು, ವಾಸುದೇವ. ನೋಟ್‌ಬುಕ್ಕಿನಲ್ಲಿ ಪದ ಸರಿಯಾಗಿತ್ತು. ಅದನ್ನು ಬರೆದುಕೊಟ್ಟ ನಿಮಗೆ ಹೇಳುವುದು, ಮಾಸ್ತರರಿಗೆ ನಿಮ್ಮ ಮೇಲೆ ಸಿಟ್ಟಿರಲಿಲ್ಲ. ಹಾಗೆಂದು ಹೇಳಿ ಕಳಿಸಿದ್ದರು, ನಾನು ನಿಮಗೆ ಮುಟ್ಟಿಸಲಿಲ್ಲ. ನಿಮ್ಮನ್ನು ಕಾದಿದ್ದರು. ಅಂಗಡಿ ಈಗಲೂ ಅಲ್ಲೇ ಇದೆ ಎಂದು ನನಗೆ ಗೊತ್ತು. ನೆರೂಳದಿಂದ ಸಾನಪಾಡಾಕ್ಕೆ ಎರಡೇ ಸ್ಟೇಷನ್ನು, ನಾನು ಬಂದಿಲ್ಲ. ಬರುವ ಮುಖ ನನಗಿಲ್ಲ ಎಂದು ಹೇಳಿ ಕೈ ತೊಳೆದುಕೊಳ್ಳುವುದಿಲ್ಲ. ಮೊದಲು ಇದನ್ನು ಎಲ್ಲರೂ ಓದಲಿ.

ಅವರ ಹೆಸರು ನೀಲವ್ವ. ನೀಲವ್ವ ಫಕೀರಪ್ಪ ಬಡಿಗೇರ.